ನೀವೇ ಬಡಿಸಿಕೊಳ್ಳಿ

"ಇಪ್ಪತ್ತೈದು ವರ್ಷದಿಂದ ಒಲೆ ಮುಂದೆ ನಿಂತಿದೀಯ. ಇವತ್ತೊಂದಿನ ರಾಣಿ ಹಾಗೆ ಕೂತ್ಕೊಂಡು ಊಟ ಮಾಡು," ಎಂದು ಅಂಚೆ ಗುಮಾಸ್ತರು ಅಂದಾಗ ಅವರ ಹೆಂಡತಿ ಹಿಗ್ಗಿದ್ದು ರಾಣಿ ಎಂಬ ಮಾತಿಗಲ್ಲ, ಕೂತ್ಕೊಂಡು ಎಂಬ ಮಾತಿಗೆ. ಎಲ್ಲರದ್ದೂ ಮುಗಿದ ಮೇಲೆ ಪಾತ್ರೆಯ ತಳ ಕೆರೆದು, ಆರಿದ್ದನ್ನು ನಿಂತೇ ನುಂಗುವುದು ಆಕೆಯ ರೂಢಿ. ಯಾರಾದರೂ ಬಡಿಸಬೇಕು, ತಾನು ಕೂತು ಬಿಸಿಬಿಸಿಯಾಗಿ ತಿನ್ನಬೇಕು. ಇಷ್ಟೇ ಆಕೆಯ ಆಸೆ. ಅದಕ್ಕಾಗಿ ಬೆಳಗಿನ ತಿಂಡಿಯನ್ನೂ ಬಿಟ್ಟಿದ್ದಳು.

ಬಫೆ ಹೋಟೆಲಿನ ಉದ್ದನೆಯ ಮೇಜಿನ ಮೇಲೆ ಮುಚ್ಚಳದ ಪಾತ್ರೆಗಳು ಸಾಲಾಗಿದ್ದವು. ಪಕ್ಕದಲ್ಲೊಂದು ಫಲಕ: 'ದಯವಿಟ್ಟು ನೀವೇ ಬಡಿಸಿಕೊಳ್ಳಿ.' ಗುಮಾಸ್ತರು ಗಟ್ಟಿಯಾಗಿ ಓದಿ ಹೆಂಡತಿಯ ಮುಖ ನೋಡಿದರು. ಅತ್ತೆಯೂ ನೋಡಿದರು. ಮಗಳು ಫೋನಿನಿಂದ ತಲೆಯೆತ್ತಿ ಅಮ್ಮನನ್ನೇ ನೋಡಿದಳು. 'ನೀವೇ' ಎಂದರೆ ಯಾರು ಎಂಬುದರಲ್ಲಿ ಆ ಮನೆಯವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

"ಹೇಗೂ ನಿಂತೇ ಇದೀಯಲ್ಲ, ನಂಗೊಂದು ಸೂಪು ತಂದ್ಬಿಡು," ಎಂದು ಗುಮಾಸ್ತರು ಕುರ್ಚಿ ಎಳೆದುಕೊಂಡರು.

"ನನ್ನ ಮಂಡಿ ವಿಷಯ ನಿನಗೆ ಗೊತ್ತೇ ಇದೆಯಲ್ಲಮ್ಮ," ಎಂದರು ಅತ್ತೆ. ಕಿಟಕಿ ಸೀಟಿಗಾಗಿ ಎಲ್ಲರಿಗಿಂತ ಮೊದಲು ಬಸ್ಸು ಹತ್ತಿದ್ದ ಮಂಡಿ ಅದು. ಹೋಟೆಲಿನ ಕುರ್ಚಿ ಕಂಡ ಕೂಡಲೇ ಮುಷ್ಕರ ಹೂಡಿತ್ತು.

"ಅಮ್ಮಾ, ನಂಗೆ ಚಿಕನ್ನು. ಎಲುಬಿಲ್ಲದ್ದು ನೋಡಿ ತಾ," ಎಂದಳು ಮಗಳು.

ಆಕೆ ಹೋದಳು, ಬಂದಳು, ಮತ್ತೆ ಹೋದಳು. ಪಾತ್ರೆಗಳ ಕೆಳಗಿನ ಉರಿ ಎಂದೋ ಆರಿತ್ತು. ಸೂಪೆಂಬುದು ಬಣ್ಣ ಬಂದ ನೀರು. ಮೀನನ್ನು ಯಾವತ್ತಿನದು ಎಂದು ಕೇಳುವುದಕ್ಕಿಂತ ಯಾವ ತಿಂಗಳಿನದು ಎಂದು ಕೇಳುವುದೇ ಮರ್ಯಾದೆ. "ಒಂಚೂರೂ ರುಚಿಯಿಲ್ಲ," ಎಂದು ಅತ್ತೆ ತಟ್ಟೆ ಚಾಚಿದರು, "ಇನ್ನೊಂದು ತುಂಡು ತಾ, ನೋಡೋಣ."

ಪಕ್ಕದ ಮೇಜಿನ ಮುದುಕರೊಬ್ಬರು, "ಇಲ್ಲೊಂದು ಚಮಚ ಕೊಡಮ್ಮಾ," ಎಂದರು. ಅಭ್ಯಾಸಬಲ, ಆಕೆ ಅದನ್ನೂ ತಂದುಕೊಟ್ಟಳು. "ಥ್ಯಾಂಕ್ಸಮ್ಮಾ," ಎಂದರು ಮುದುಕರು. ಇಂಥ ಮಾತು ಕೇಳಿ ರೂಢಿಯಿಲ್ಲದ ಆಕೆಗೆ ಗಾಬರಿಯಾಯಿತು.

ಕೊನೆಗೆ ಗುಮಾಸ್ತರು ಬಾಯಿ ಒರೆಸಿಕೊಂಡು, "ಥೂ, ಇದೂ ಒಂದು ಊಟವಾ? ನಿನ್ನ ಕೈರುಚಿ ಮುಂದೆ ಏನೇನೂ ಅಲ್ಲ. ಮನೆಗೆ ಹೋದ ತಕ್ಷಣ ಬಿಸಿಯಾಗಿ ಏನಾದ್ರೂ ಮಾಡ್ಬಿಡು," ಎಂದರು. ಹೆಂಡತಿಯನ್ನು ಹೊಗಳಿದೆನೆಂದೇ ಅವರ ನಂಬಿಕೆ.

"ರೀ, ನಾನಿನ್ನೂ ತಿಂದೇ ಇಲ್ಲ."

"ಅಯ್ಯೋ, ಹಾಗಾದ್ರೆ ನಿಂತ್ಕೊಂಡೇ ಎರಡು ತುತ್ತು ಹಾಕ್ಕೊಂಡು ಬಾ. ನಾವು ಕಾಯ್ತೀವಿ."

ಆಕೆಗೆ ಅಳು ಬಂತು. ಅಳುವಿಗಿಂತ ಜಾಸ್ತಿ ಸಿಟ್ಟು ಬಂತು, ಎರಡಕ್ಕಿಂತಲೂ ಜಾಸ್ತಿ ಹಸಿವಾಗಿತ್ತು. ತಟ್ಟೆ ಹಿಡಿದು ಹೋದರೆ ಪಾತ್ರೆಗಳನ್ನು ಎತ್ತುತ್ತಿದ್ದರು. ಎತ್ತಿಸುತ್ತಿದ್ದ ಕಪ್ಪು ಕೋಟಿನ ಮೇಲ್ವಿಚಾರಕಿ ಆಕೆಯನ್ನು ತಡೆದಳು.

"ಆಗಿನಿಂದ ನೋಡ್ತಾ ಇದೀನಿ. ಒಟ್ಟಿಗೆ ನಾಲ್ಕು ತಟ್ಟೆ, ಒಂದು ಹನಿ ಚೆಲ್ಲಲಿಲ್ಲ. ಎಲ್ಲಿ ಕೆಲಸ ಮಾಡ್ತೀರಿ? ನಮ್ಮಲ್ಲಿ ಜನ ಸಾಲದು, ಬರ್ತೀರಾ?"

ಆಕೆ ಸಂಬಳ ಕೇಳಲಿಲ್ಲ. "ಕೆಲಸದವರ ಊಟ ಎಲ್ಲಿ?" ಎಂದಳು.

"ಒಳಗೆ, ಮೂರು ಗಂಟೆಗೆ. ಬೇರೆ ಅಡುಗೆ ಮಾಡಿಸ್ತೀವಿ. ಇದನ್ನೆಲ್ಲ ನಾವ್ಯಾರೂ ತಿನ್ನಲ್ಲ."

"ನಿಂತ್ಕೊಂಡಾ?"

"ಯಾಕೆ ನಿಂತ್ಕೊಂಡು? ಬೆಂಚಿದೆ. ಅಡುಗೆಯವರೇ ಬಿಸಿಬಿಸಿ ಬಡಿಸ್ತಾರೆ."

ಗೋಡೆಯ ಗಡಿಯಾರದಲ್ಲಿ ಮೂರಕ್ಕೆ ಐದು ನಿಮಿಷವಿತ್ತು. ಆಕೆ ಮೇಜಿಗೆ ವಾಪಸು ಬಂದು ಮನೆಯ ಬೀಗದಕೈಯನ್ನು ಗಂಡನ ಮುಂದಿಟ್ಟಳು.

"ನೀವು ಹೊರಡಿ. ನಂಗಿಲ್ಲಿ ಕೆಲಸ ಸಿಕ್ತು. ಇವತ್ತಿಂದಾನೇ."

"ಕೆಲಸಾನಾ?" ಗುಮಾಸ್ತರು ಬೆಪ್ಪಾದರು. "ಮತ್ತೆ ಮನೇಲಿ ಅಡುಗೆ?"

"ಅಡುಗೆಮನೆ ಎಲ್ಲಿದೆ ಅಂತ ಅತ್ತೆಗೆ ಗೊತ್ತು," ಎಂದು ಹೇಳಿ, ಆಕೆ ಒಳಗಿನ ಬಾಗಿಲು ತಳ್ಳಿಕೊಂಡು ಊಟಕ್ಕೆ ಹೋದಳು.