ದೇವರ ಹೆಸರಿನ ಎರಡನೆಯ ಅಕ್ಷರ

ಸಿನಿವ ಪೆಟ್ಟಿಗೆಯಲ್ಲಿ ಮಲಗಿಸಿದ್ದ ಗಂಡ ಫೆರೆಟಿಯ ಹಣೆಗೆ ಕೊಬ್ಬರಿ ಎಣ್ಣೆ ಸವರುತ್ತಿದ್ದಳು. ಊರ ಬಯಲಿನ ಕಡೆಯಿಂದ ಯಂತ್ರವೊಂದು ಗುರ್ ಅಂದದ್ದು ಕೇಳಿ ಅವಳ ಕೈ ಅಲ್ಲೇ ನಿಂತಿತು.

ಏನದು ಅಂತ ಕೇಳಿದ್ದಕ್ಕೆ, ಸತ್ತವನ ತಲೆಯ ಹತ್ತಿರ ಕೂತು ಬೀಸಣಿಗೆ ಬೀಸುತ್ತಿದ್ದ ನಾದಿನಿ ಲಾಂಗಿ ಸುದ್ದಿ ಒಪ್ಪಿಸಿದಳು. ಸೋಮವಾರ ಸ್ವಾತಂತ್ರ್ಯದ ದಿನ, ಮಂತ್ರಿ ಬರುತ್ತಾನೆ. ಇವತ್ತು ಮಣ್ಣಿಗೆ ಅಂತ ನಾಲ್ಕೂರಿನ ಜನ ಬರುತ್ತಿದ್ದಾರೆ. ಬಯಲಿನ ಕಲ್ಲು ನೋಡಿದರೆ ಈ ಸಲ ಸುಣ್ಣ ಕಾಣದೆ ಪಾಚಿ ಹಿಡಿದು ಕೂತಿದೆ. ಅದಕ್ಕೇ ಊರ ಮುಖಂಡ ಲೆವಾಸಾ ರಾಜಧಾನಿ ಆಪಿಯಾದಿಂದ ನೀರು ಚಿಮ್ಮಿಸುವ ಯಂತ್ರ ತರಿಸಿ ಊರ ಹುಡುಗ ರೊಪಾಟಿಯ ಕೈಗೆ ಕೊಟ್ಟಿದ್ದಾನೆ.

"ವರ್ಷಾ ವರ್ಷಾ ಅಣ್ಣನೇ ಸುಣ್ಣ ಹೊಡೀತಿದ್ದ. ಯಾರನ್ನೂ ಹತ್ರ ಬಿಟ್ಕೊಳ್ತಿರ್ಲಿಲ್ಲ, ಕಲ್ಲೇನು ಇವನ ಹೆಂಡ್ತಿಯಾ ಅಂತ ನಾವು ನಗಾಡ್ತಿದ್ವಿ," ಅಂದಳು ಲಾಂಗಿ. "ಯಾಕತ್ತಿಗೆ, ಮುಖ ಹಾಗಾಯ್ತು?"

ಸಿನಿವ ಎಣ್ಣೆಯ ಬಟ್ಟಲು ಕೆಳಗಿಟ್ಟಳು.

ಇವತ್ತೊಂದು ದಿನ ಬೇಡ, ಸತ್ತ ಮನೆಗೆ ಸದ್ದು ಆಗಿಬರಲ್ಲ ಅಂತ ಅವಳು ಲಾಂಗಿಯ ಕೈಲೇ ಹೇಳಿ ಕಳಿಸಿದಳು. ಲಾಂಗಿ ಹೋದಷ್ಟೇ ಬೇಗ ವಾಪಸು ಬಂದಳು. ಇದು ಫೆರೆಟಿಗೇ ಸಲ್ಲುವ ಮರ್ಯಾದೆ ಅಂದನಂತೆ ಲೆವಾಸಾ. ಅವನು ಕಟ್ಟಿದ ಕಲ್ಲು, ಅವನು ಹೋಗುವ ದಿನವಾದರೂ ಹೊಸದಾಗಿ ಕಾಣಲಿ ಅಂದನಂತೆ.

ಯಂತ್ರದ ಸದ್ದು ಏರಿತು.

*

ಹನ್ನೊಂದು ವರ್ಷದ ಹಿಂದೆ ಸರ್ಕಾರದಿಂದ ಅಪ್ಪಣೆ ಬಂದಿತ್ತು. ರಸ್ತೆ ಬದಿಯ ಬಯಲಿನಲ್ಲಿ ಆಳೆತ್ತರದ ಕಲ್ಲು ನಿಲ್ಲಿಸಬೇಕು, ಅದರ ಮೇಲೆ ದೇಶದ ಮಾತು ಇರಬೇಕು: ಸಮೋವಕ್ಕೆ ದೇವರೇ ಅಡಿಪಾಯ. ಊರಿನ ಗಾರೆಯವನು ಅಂದರೆ ಫೆರೆಟಿ. ಚರ್ಚಿನ ಮೆಟ್ಟಿಲು, ನೀರಿನ ತೊಟ್ಟಿ, ಅರ್ಧ ಊರಿನ ಗೋರಿ, ಎಲ್ಲ ಅವನ ಕೈಯದೇ.

"ಅಡಿಪಾಯ ಅಂದ್ರೆ ಗೊತ್ತು ನಂಗೆ. ಒಂದೂವರೆ ಮೊಳ ಇಳಿಸಿದ್ರೆ ಸಾಕು. ಅಕ್ಷರ ನೀನು ನೋಡ್ಕೊ," ಅಂದಿದ್ದ ಹೆಂಡತಿಗೆ.

ಅವನಿಗೆ ಓದು ಬರುತ್ತಿರಲಿಲ್ಲ. ಅದು ಅವಳೊಬ್ಬಳಿಗೇ ಗೊತ್ತು. ಚರ್ಚಿನಲ್ಲಿ ಕೀರ್ತನೆಯ ಪುಸ್ತಕ ತಲೆಕೆಳಗಾಗಿ ಹಿಡಿದಾಗ ಪಕ್ಕದಲ್ಲಿ ಕೂತು ಸದ್ದಿಲ್ಲದೆ ತಿರುಗಿಸಿ ಕೊಡುತ್ತಿದ್ದವಳು ಅವಳು. ಅವಳದಾದರೂ ಎಷ್ಟು, ನಾಲ್ಕನೇ ಇಯತ್ತೆ.

ಸಿನಿವ ಹಲಗೆಯಲ್ಲಿ ಇಂಗ್ಲಿಷ್ ಲಿಪಿಯ ಅಕ್ಷರ ಕತ್ತರಿಸಿದಳು. ಅವನ್ನು ಗಾರೆ ಸುರಿಯುವ ಅಚ್ಚಿನ ಒಳಮೈಗೆ ತಿರುಗುಮುರುಗಾಗಿ ಹೊಡೆಯಬೇಕು, ಆಗ ಕಲ್ಲಿನಲ್ಲಿ ನೆಟ್ಟಗೆ ಬೀಳುತ್ತವೆ. ಆ ತಿರುಗುಮುರುಗನ್ನು ಸರಿ ಮಾಡುವುದರಲ್ಲೇ ಮೂರು ದಿನ ಹೋಯಿತು. ಗಾರೆ ಒಣಗಿ ಅಚ್ಚು ಬಿಚ್ಚಿದ ಶುಕ್ರವಾರ ಅವಳು ಹೆಮ್ಮೆಯಿಂದ ಬೆರಳಿಟ್ಟು ಓದುತ್ತಾ ಬಂದು ದೇವರ ಹೆಸರಿನ ಹತ್ತಿರ ನಿಂತಳು.

ಅಟುವ ಅಂತ ಇರಬೇಕಿತ್ತು. ಅಕುವ ಅಂತ ಇತ್ತು.

ಊರಿನ ಬಾಯಿಗೆ ಎರಡು ನಾಲಿಗೆ. ಮನೆಯಲ್ಲಿ, ದೋಣಿಯಲ್ಲಿ, ಜಗಳದಲ್ಲಿ, ಹಾಸಿಗೆಯಲ್ಲಿ ಎಲ್ಲ ಕಕಾರ. ಪಾದ್ರಿಯ ಮುಂದೆ, ಬರಹದಲ್ಲಿ, ಪ್ರಾರ್ಥನೆಯಲ್ಲಿ ಟಕಾರ. ಫೆರೆಟಿ ಚರ್ಚಿನಲ್ಲಿ ಫೆರೆಟಿ, ಅವಳ ಪಾಲಿಗೆ ಫೆರೆಕಿ. ದೇವರ ಮುಂದೆ ಕಕಾರ ಆಡುವುದು ಅಂದರೆ ಮೈಮೇಲೆ ಬಟ್ಟೆಯಿಲ್ಲದೆ ಪೂಜಾಪೀಠದ ಮುಂದೆ ನಿಂತ ಹಾಗೆ. ಪಕ್ಕದೂರಲ್ಲಿ ಪಾದ್ರಿಗೆ ಎದುರು ಮಾತಾಡಿದ ಅಂತ ಒಬ್ಬನ ಹಂದಿಗಳನ್ನೆಲ್ಲ ಕಡಿದು, ಹೆಂಡತಿ ಮಕ್ಕಳ ಸಮೇತ ಲಾರಿ ಹತ್ತಿಸಿ ಊರಾಚೆ ಅಟ್ಟಿದ್ದರು. ಅವನು ಆಡಿದ್ದು ಬರೀ ಗಾಳಿಯಲ್ಲಿ. ಇವಳು ಕಲ್ಲಿನಲ್ಲಿ ಬರೆದಿದ್ದಳು, ಅದೂ ದೇಶದ ಕಲ್ಲಿನಲ್ಲಿ.

ಫೆರೆಟಿ ಬೈಯಲಿಲ್ಲ. ಹೇಗಿರಬೇಕಿತ್ತು ಅಂತ ಕೇಳಿದ. ಅವಳು ಮಸಿಯಲ್ಲಿ ನೆಲದ ಮೇಲೆ ಬರೆದು ತೋರಿಸಿದಳು. ಟಿ: ಒಂದು ಕಂಬ, ಮೇಲೊಂದು ತೊಲೆ.

"ಅಷ್ಟೇ ತಾನೆ. ಇದು ಮನೆ ಕಟ್ಟಿದ ಹಾಗೆ," ಅಂದ.

ಕೆ ಅಕ್ಷರದ ಎರಡು ಕಾಲಿಗೂ ತಿಳಿಗಾರೆ ತುಂಬಿ ಮುಚ್ಚಿದ. ಕಂಬದ ನೆತ್ತಿಗೆ ಉಳಿ ಹಿಡಿದು ತೊಲೆ ಕೊರೆದ. ಮೇಲೆ ಸುಣ್ಣ. ಭಾನುವಾರ ರಿಬ್ಬನ್ ಕತ್ತರಿಸಿದವನ ಹೆಸರು ಕಲ್ಲಿನ ಬುಡದಲ್ಲಿ ದೊಡ್ಡದಾಗಿ ಇದೆ. ಕಟ್ಟಿದವನ ಹೆಸರು ಎಲ್ಲೂ ಇಲ್ಲ. ಯಾರೂ ಕೇಳಲೂ ಇಲ್ಲ. ಬದುಕಿಡೀ ಅವನಿಗೆ ಬರೆಯಲು ಬಂದದ್ದು ಆ ಟಿ ಒಂದೇ ಅಕ್ಷರ.

*

ಸತ್ತ ಗಂಡನ ಮಗ್ಗುಲಿನಿಂದ ಹೆಂಡತಿ ಎದ್ದು ಹೋಗುವಂತಿಲ್ಲ. ಸಿನಿವ ಎದ್ದಳು. ಲಾಂಗಿ ಬಟ್ಟೆಯ ಅಂಚು ಜಗ್ಗಿದಳು, ಜನ ಏನಂದಾರು ಅಂದಳು. ಸಿನಿವ ಬಾಗಿಲಿಗೆ ಬಂದು ನಿಂತಳು.

ರೊಪಾಟಿ ಕಲ್ಲಿನ ಎಡಗಡೆಯಿಂದ ಶುರು ಮಾಡಿದ್ದ. ಪಾಚಿ ಕರಗಿ ಕಪ್ಪು ನೀರಾಗಿ ಇಳಿಯುತ್ತಿತ್ತು. ಅದರ ಹಿಂದೆಯೇ ಸುಣ್ಣ ಹಕ್ಕಳೆ ಹಕ್ಕಳೆಯಾಗಿ ಹಾರುತ್ತಿತ್ತು. ಅವರ ನುಡಿಯಲ್ಲಿ ಮೊದಲು ಬರುವ ಅಡಿಪಾಯ ಅನ್ನುವ ಮಾತು ಮುಗಿಯಿತು, ಮುಂದೆ ದೇವರ ಹೆಸರು. ಬಯಲಿನ ಸುತ್ತ ನಾಲ್ಕೂರಿನ ಮುಖಂಡರು ಕಾಲು ಮಡಿಚಿ ಕೂತಿದ್ದರು. ಬಿಳಿ ಅಂಗಿ, ಬಿಳಿ ಪಂಚೆಯಲ್ಲಿ ಪಾದ್ರಿ ಎನೊಸಾ ಬೈಬಲ್ಲು ಹಿಡಿದು ಬರುತ್ತಿದ್ದರು. ಮನೆಯ ಮುಂದೆ ಗೋರಿಯ ಗುಂಡಿ ಬಾಯಿ ತೆರೆದಿತ್ತು. ಪಾದ್ರಿ ಬೆನ್ನು ತಿರುಗಿಸಿದರೆ ಆ ಗುಂಡಿಗೆ ಅವನನ್ನು ಇಳಿಸುವವರು ಯಾರು? ತನ್ನನ್ನು ಊರು ಅಟ್ಟಿದರೆ ಆ ಗೋರಿಯ ಹತ್ತಿರ ಕೂರುವವರು ಯಾರು?

ಕೂಗಬೇಕು ಅಂದುಕೊಂಡಳು.

ಯಂತ್ರ ಸಟ್ಟನೆ ನಿಂತಿತು. ರೊಪಾಟಿ ಕೊಳವೆ ಇಳಿಸಿ ಕಲ್ಲಿನ ಹತ್ತಿರ ಮುಖ ತಂದ. ಹಿಂದಕ್ಕೆ ಸರಿದ. ಮತ್ತೆ ಹತ್ತಿರ ಹೋದ. ಆಮೇಲೆ, ಹಾವು ಕಂಡವನ ಹಾಗೆ, ಕಣ್ಣು ಕೀಳದೆ ಲೆವಾಸಾನಿಗೆ ಕೈಸನ್ನೆ ಮಾಡಿದ.

ಮುಖಂಡರು ಒಬ್ಬೊಬ್ಬರಾಗಿ ಎದ್ದರು. ಮಾತು ಹಬ್ಬುವುದು ಅವಳಿಗೆ ಕಾಣುತ್ತಿತ್ತು. ತಲೆಯಿಂದ ತಲೆಗೆ, ಬಾಯಿಗೆ ಅಡ್ಡ ಹಿಡಿದ ಕೈಯಿಂದ ಕೈಗೆ. ದೇವರನ್ನು ಅಣಕಿಸಿದ್ದಾನೆ ಅಂದರು. ಇಷ್ಟು ವರ್ಷ ಸುಣ್ಣದ ಕೆಳಗೆ ಬಚ್ಚಿಟ್ಟು ಒಳಗೊಳಗೇ ನಗುತ್ತಿದ್ದ ಅಂದರು. ನಿನ್ನೆ ತನಕ ಒಳ್ಳೆಯ ಮನುಷ್ಯ ಅಂತ ಅತ್ತವರೇ ಅಂದರು.

ಇಂಥ ಹೊತ್ತಿಗೆ ಇಫೊಂಗ ಅಂತ ಒಂದು ಪದ್ಧತಿ ಇದೆ. ತಪ್ಪಿತಸ್ಥರ ಕಡೆಯ ಹಿರಿಯ ನುಣ್ಣನೆಯ ಚಾಪೆ ತಲೆಮೇಲೆ ಹೊದ್ದು, ನೊಂದವರ ಅಂಗಳದಲ್ಲಿ ಕೂರುತ್ತಾನೆ. ಚಾಪೆ ಎತ್ತಿದರೆ ಕ್ಷಮೆ. ಎತ್ತದಿದ್ದರೆ ಕೊಡಲಿಯೇಟು ಬಿದ್ದರೂ ಕೇಳುವಂತಿಲ್ಲ. ಗಂಡಸರು, ಮುಖಂಡರು ಮಾಡುವ ಕೆಲಸ ಅದು. ಸಿನಿವಳ ಮನೆಯಲ್ಲಿ ಗಂಡಸು ಅಂತ ಇದ್ದವನು ಪೆಟ್ಟಿಗೆಯಲ್ಲಿ ಮಲಗಿದ್ದ.

ಅವಳು ಪೆಟ್ಟಿಗೆಗೆ ಹೊದಿಸಿದ್ದ ಅಂಥದೇ ಚಾಪೆ ಎಳೆದುಕೊಂಡಳು. ಲಾಂಗಿ ಚೀರಿದ್ದು ಕೇಳಿಸಿತು. ಬಯಲು ದಾಟಿ ಕಲ್ಲಿನ ಮುಂದೆ ಕೂತು, ತಲೆಯ ಮೇಲಿಂದ ಚಾಪೆ ಹೊದ್ದಳು.

ಒಳಗೆ ಸೆಖೆ. ಚಾಪೆಯ ಅಂಚಿನ ಕೆಳಗೆ ಕಾಲುಗಳಷ್ಟೇ ಕಾಣುತ್ತಿದ್ದವು. ಪಾದ್ರಿಯ ಕರಿ ಚಪ್ಪಲಿ. ಲೆವಾಸಾನ ಬಿರುಕು ಬಿಟ್ಟ ಬರಿಗಾಲು.

"ಫೆರೆಟಿ ಮಾಡಿದ್ದಕ್ಕೆ ನೀನ್ಯಾಕೆ ಕೂತೆ?" ಲೆವಾಸಾನ ದನಿ.

"ಅವನು ಮಾಡಿಲ್ಲ. ಅಕ್ಷರ ನಂದು. ಅವನಿಗೆ ಓದಕ್ಕೇ ಬರ್ತಿರ್ಲಿಲ್ಲ. ಅವನು ಮುಚ್ಚಿದ್ದು ಅಷ್ಟೇ."

"ದೇವರ ಹೆಸರನ್ನ ಯಾರಾದ್ರೂ ಹಾಗೆ ಬರೀತಾರೇನೆ?"

"ನಾನು ಕರೆಯೋ ಹಾಗೆ ಬರೆದೆ," ಅಂದಳು.

ಕಲ್ಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಬರಿಗಾಲು ಹತ್ತಿರ ಬಂತು. ಅವಳು ಕತ್ತು ಕುಗ್ಗಿಸಿದಳು. ಏಟು ಎಲ್ಲಿ ಬೀಳುತ್ತದೆ ಅಂತ ಬೆನ್ನಿಗೆಲ್ಲ ಕಿವಿ ಮೂಡಿತ್ತು. ಎಷ್ಟು ಹೊತ್ತೋ ಗೊತ್ತಿಲ್ಲ. ಮುದುಕ ಲೆವಾಸಾನ ಮಂಡಿ ಲಟಕ್ ಅಂತು. ಚಾಪೆ ಮೇಲೆದ್ದು ಬಿಸಿಲು ಕಣ್ಣಿಗೆ ಹೊಡೆಯಿತು.

"ಏಳು. ನಿನ್ನ ವಿಷಯ ಪಂಚರು ಆಮೇಲೆ ನೋಡ್ತಾರೆ. ಗುಂಡಿ ತೋಡಿದ ಮೇಲೆ ಹೆಣ ಕಾಯಿಸಬಾರ್ದು," ಅಂದ ಲೆವಾಸಾ. ಅವಳ ಮುಖ ನೋಡಲಿಲ್ಲ.

ಪೆಟ್ಟಿಗೆ ಹೊತ್ತು ತಂದು ಗುಂಡಿಯ ಬದಿಗಿಟ್ಟರು. ಸಿನಿವ ಅದರ ಪಕ್ಕದಲ್ಲಿ ನಿಂತಳು. ಗುಂಡಿಯಾಚೆ, ಪಾದ್ರಿಯ ಕಣ್ಣಿಗೆ ನೇರವಾಗಿ ಕಲ್ಲು ನಿಂತಿತ್ತು. ತೊಳೆದ ಮೈಯಲ್ಲಿ ಆ ಅಕ್ಷರ ಒದ್ದೆಯಾಗಿ ಹೊಳೆಯುತ್ತಿತ್ತು. ಗಾರೆ ಉದುರಿ ಅವಳು ಕತ್ತರಿಸಿದ ಕೆ ಅಕ್ಷರದ ಎರಡು ಕಾಲು ಹೊರಬಿದ್ದಿದ್ದವು. ಫೆರೆಟಿ ಕೊರೆದ ತೊಲೆಯೂ ಮೇಲೆ ಹಾಗೇ ಇತ್ತು. ಕೆ ಅನ್ನುವಂತಿಲ್ಲ, ಟಿ ಅನ್ನುವಂತಿಲ್ಲ.

ಪಾದ್ರಿ ಎನೊಸಾ ಪುಸ್ತಕ ತೆರೆದರು. ಮಣ್ಣಿನಿಂದ ಬಂದವನು ಮಣ್ಣಿಗೆ ಅಂತ ಶುರು ಮಾಡಿ, ಈ ನಮ್ಮ ಸಹೋದರನನ್ನು ನಿನ್ನ ಕೈಗೆ ಒಪ್ಪಿಸುತ್ತೇವೆ ಅನ್ನುವ ತನಕ ಸರಾಗವಾಗಿ ಬಂದರು. ಅಲ್ಲಿ ದೇವರನ್ನು ಕರೆಯಬೇಕು. ಅವರು ತಲೆ ಎತ್ತಿದರು. ಕಣ್ಣು ಕಲ್ಲಿಗೆ ಬಿತ್ತು.

"ಓ ಅ..." ಅಂದರು.

ಬಾಯಿ ತೆರೆದೇ ಇತ್ತು. ನಾಲಿಗೆ ಅರ್ಧಕ್ಕೆ ಎದ್ದು ಹಲ್ಲನ್ನೂ ಮುಟ್ಟದೆ, ಗಂಟಲಿಗೂ ಹಿಂಜರಿಯದೆ ನಡುವೆ ನಿಂತಿತ್ತು. ಹಗ್ಗ ಹಿಡಿದ ನಾಲ್ವರು ಪೆಟ್ಟಿಗೆಯನ್ನು ಗುಂಡಿಯ ಮೇಲೆ ತೂಗಿ ಹಿಡಿದು, ಭಾರಕ್ಕೆ ತೋಳು ನಡುಗುತ್ತಿದ್ದರೂ, ಪಾದ್ರಿಯ ಬಾಯನ್ನೇ ನೋಡುತ್ತಿದ್ದರು.