ಆರ್ವಿಲ್ ಪೆಲ್ಕಿಯ ಆಕ್ಷೇಪಣೆ

ಆರ್ವಿಲ್ ಪೆಲ್ಕಿ ಕುಳಿತು ಮಾತಾಡಿದ್ದನ್ನು ನಾನು ಕಂಡಿಲ್ಲ. ವರ್ಮಾಂಟಿನ ನಮ್ಮ ವೆಸ್ಟ್ ಆಲ್ಡರಿನಲ್ಲಿ ಮಾರ್ಚ್ ತಿಂಗಳ ಊರಸಭೆ ಸೇರಿದಾಗಲೆಲ್ಲ, ಖಾಲಿ ಕುರ್ಚಿಗಳು ಎಷ್ಟೇ ಇದ್ದರೂ, ಆತ ಹಿಂದಿನ ಗೋಡೆಗೆ ಬೆನ್ನು ಕೊಟ್ಟು, ಬೇಸಗೆಯಲ್ಲೂ ಮೈಬಿಡದ ಕೆಂಪು ಕಪ್ಪು ಚೌಕುಳಿಯ ಉಣ್ಣೆಕೋಟಿಗೆ ಕೊರಳವರೆಗೂ ಗುಂಡಿ ಹಾಕಿಕೊಂಡು ನಿಂತಿರುತ್ತಿದ್ದ. ಚರ್ಚೆಯೆಲ್ಲ ಮುಗಿದು, ಪಕ್ಕದ ಕೋಣೆಯಿಂದ ಬರುವ ಬೀನ್ಸಿನ ಪರಿಮಳಕ್ಕೆ ಜನ ಮೂಗರಳಿಸುವ ಸುಮುಹೂರ್ತದಲ್ಲೇ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಆ ಸದ್ದಿಗೆ ಸಭೆಗೆ ಸಭೆಯೇ ನಿಟ್ಟುಸಿರಿಡುತ್ತಿತ್ತು. ಬಹುಕಾಲ ಅಧ್ಯಕ್ಷಸ್ಥಾನದಲ್ಲಿ ಸುತ್ತಿಗೆ ಹಿಡಿದು ಕುಳಿತ ನನಗಂತೂ ತಲೆಸಿಡಿತ ಶುರುವಾಗುತ್ತಿತ್ತು.

"ಅಧ್ಯಕ್ಷರೇ, ಇದನ್ನ ಮಾಡೋ ಅಧಿಕಾರ ನಮಗೆ ಯಾರು ಕೊಟ್ರು?"

ನಾಯಿ ಕಟ್ಟುವ ನಿಯಮವಾಗಲಿ, ರಸ್ತೆಯ ಹಿಮ ಗೋರುವ ವೇಳೆಯಾಗಲಿ, ಪ್ರಶ್ನೆ ಅದೇ. ಒಮ್ಮೆ ತಾಳಲಾರದೆ, "ಫಿಲಡೆಲ್ಫಿಯಾದಲ್ಲಿ ಕೂತು ದೇಶ ಕಟ್ಟಿದೋರೂ ಇಷ್ಟು ತಲೆ ತಿಂದಿರಲಿಲ್ಲ ಮಾರಾಯ" ಎಂದೆ.

"ತಲೆ ತಿನ್ನೋರು ಹೊರಗಿದ್ರು," ಎಂದ, ನಗದೆ. "ಅವರು ಮೊದಲು ಬರೆದ ಸಂವಿಧಾನದಲ್ಲಿ ವಾಕ್‌ಸ್ವಾತಂತ್ರ್ಯದ ಮಾತೇ ಇರಲಿಲ್ಲ. ಕಾಟ ಕೊಡೋರು ಬಿಡದೆ ಕಾಟ ಕೊಟ್ಟಿದ್ದಕ್ಕೇ ಆಮೇಲೆ ಹತ್ತು ತಿದ್ದುಪಡಿ ಬಂದಿದ್ದು."

ಹೊಳೆಯ ಹಳೆಯ ಸೇತುವೆ ಶಿಥಿಲವಾಯಿತೆಂದು ಮುಚ್ಚಿದರು. ಹೊಸ ಸೇತುವೆಗೆ ಹೋಗುವ ರಸ್ತೆಗೆ ಆರ್ವಿಲ್‌ನ ಹುಲ್ಲುಗಾವಲಿನ ಒಂದು ಅಂಚು ಬೇಕಾಗಿತ್ತು. ಕೇಳಹೋದರೆ ಭಾಷಣ ಕೇಳಬೇಕಾದೀತೆಂದು ಹೆದರಿದ ಊರಿನ ಆಡಳಿತ ಮಂಡಳಿ, ಕೇಳದೆಯೇ ಅವನ ಕಲ್ಲುಗೋಡೆಯನ್ನು ಒಡೆಸಿತು. ಕಾನೂನಿನ ಕ್ರಮ ತಪ್ಪಿ ಯಾರ ಸೊತ್ತನ್ನೂ ಕಸಿಯಬಾರದೆಂಬ ಹದಿನಾಲ್ಕನೆಯ ತಿದ್ದುಪಡಿಯನ್ನು ಹಿಡಿದು ಆತ ಕೋರ್ಟಿಗೆ ಹೋದ. ಕೆಲಸ ನಿಂತಿತು. ಎರಡು ಚಳಿಗಾಲ ನಾವೆಲ್ಲ ಅವನನ್ನು ಶಪಿಸುತ್ತ ಗುಡ್ಡ ಬಳಸಿ ಓಡಾಡಿದೆವು. ಎರಡನೆಯದರಲ್ಲಿ ಆಚೆ ದಡದ ನೆಡ್ ಡ್ರಾಪರನಿಗೆ ಎದೆನೋವು ಬಂತು. ಗುಡ್ಡ ಸುತ್ತಿ ಆಂಬ್ಯುಲೆನ್ಸ್ ಬರುವಷ್ಟರಲ್ಲಿ ಪ್ರಾಣ ಹೋಗಿತ್ತು.

ಕೋರ್ಟು ಆರ್ವಿಲ್‌ನ ಪರವಾಗಿ ತೀರ್ಪಿತ್ತಿತು: ನೋಟಿಸು ಕೊಟ್ಟು, ಅವನ ಮಾತು ಕೇಳಿ, ಆಮೇಲೆ ಮುಂದುವರಿಯಿರಿ. ಹಾಗೆಯೇ ಸಭೆ ಕರೆದು, ಆಕ್ಷೇಪಣೆ ಏನೆಂದು ಕೇಳಿದೆ.

"ಏನೂ ಇಲ್ಲ."

"ಏನೂ ಇಲ್ವಾ?"

"ರಸ್ತೆ ಬೇಡ ಅಂತ ನಾನೆಲ್ಲಿ ಅಂದೆ? ಕೇಳಿದ್ರೆ ಅವತ್ತೇ ಕೊಡ್ತಿದ್ದೆ. ಕೇಳಿ ಅಂದೆ, ಅಷ್ಟೆ."

ನನ್ನ ಕೈಯ ಸುತ್ತಿಗೆ ಅವನತ್ತ ಹಾರದೆ ಉಳಿದದ್ದು ಯಾವ ಪುಣ್ಯದಿಂದಲೋ ತಿಳಿಯದು.

ಮುಂದಿನ ಶನಿವಾರ ನೆಡ್‌ನ ಹೆಂಡತಿ ಲೂಸೀಲ್ ಊರ ನಡುವಿನ ಹುಲ್ಲುಬಯಲಿನಲ್ಲಿ ಒಂದು ಫಲಕ ಹಿಡಿದು ನಿಂತಳು: 'ಪೆಲ್ಕಿಯ ಹಠ ನನ್ನ ಗಂಡನನ್ನು ಕೊಂದಿತು.' ಆಮೇಲೆ ಪ್ರತಿ ಶನಿವಾರವೂ ನಿಂತಳು. ಅಂಚೆಕಚೇರಿಗೆ ಹೋಗಲು ಬೇರೆ ದಾರಿಯಿದ್ದರೂ ಆರ್ವಿಲ್ ಎಡಗಾಲನ್ನು ತುಸು ಎಳೆಯುತ್ತ ಅವಳ ಮುಂದೆಯೇ ಹಾಯುತ್ತಿದ್ದ, ಟೋಪಿ ತೆಗೆಯುತ್ತಿದ್ದ, ಅವಳು ಮುಖ ತಿರುಗಿಸುತ್ತಿದ್ದಳು.

ಅರ್ಧ ಆರ್ವಿಲ್‌ನ ಮೇಲಿನ ಕನಿಕರದಿಂದ, ಅರ್ಧ ಎಲೆ ಕೆಂಪಾಗುವ ಕಾಲದಲ್ಲಿ ಬರುವ ಪ್ರವಾಸಿಗರ ಮುಂದೆ ನಾಚಿಕೆಯಾಗಿ, ಮಂಡಳಿಯು ಹುಲ್ಲುಬಯಲಿನಲ್ಲಿ ಫಲಕಗಳನ್ನೇ ನಿಷೇಧಿಸುವ ನಿಯಮವೊಂದನ್ನು ಊರಸಭೆಯ ಮುಂದಿಟ್ಟಿತು. ಈ ಒಂದು ಸಲವಾದರೂ ಆರ್ವಿಲ್ ಸುಮ್ಮನಿರುತ್ತಾನೆಂದು ನಾವೆಲ್ಲ ನಂಬಿದ್ದೆವು. ಕೈಗಳು ಮೇಲೇಳುತ್ತಿದ್ದವು. ಗಂಟಲಿನ ಸದ್ದು ಕೇಳಿಸಿತು.

"ಅವಳ ಬಾಯಿ ಮುಚ್ಚಿಸೋ ಅಧಿಕಾರ ನಮಗಿಲ್ಲ ಅಧ್ಯಕ್ಷರೇ. ಮೊದಲನೇ ತಿದ್ದುಪಡಿ, ವಾಕ್‌ಸ್ವಾತಂತ್ರ್ಯ."

"ನಿನಗೋಸ್ಕರ ಮಾಡ್ತಿರೋದು ಕಣೋ, ಕತ್ತೆ!" ಎಂದು ಮಂಡಳಿಯ ಮುಖ್ಯಸ್ಥ ಹೋಮರ್ ಗೇಜ್ ಕಿರುಚಿದ.

"ಹಾಗಾದ್ರೆ ಖಂಡಿತಾ ಬೇಡ."

ಲೂಸೀಲ್ ಎದ್ದಳು. "ನಿನ್ನ ಉಪಕಾರ ಯಾರಿಗೆ ಬೇಕು ಆರ್ವಿಲ್? ನನ್ನ ಪರ ಮಾತಾಡಿದ್ರೆ ಫಲಕ ಇಳಿಸ್ತೀನಿ ಅಂದ್ಕೊಂಡ್ಯಾ?"

"ಇಳಿಸು ಅಂತ ನಾನು ಕೇಳಿಲ್ಲ ಲೂಸೀಲ್." ಆತ ಗೋಡೆಯಿಂದ ಬೆನ್ನು ತೆಗೆದ. "ನೀನು ಬರೆದಿರೋದು ಸುಳ್ಳು ಅಂತ ಹೇಳೋ ಧೈರ್ಯಾನೂ ನನಗಿಲ್ಲ."

ಎದ್ದ ಕೈಗಳು ಒಂದೊಂದಾಗಿ ಇಳಿದವು. ನಿಯಮ ಬಿದ್ದುಹೋಯಿತು.

ಹೊರಗೆ ಬಂದಾಗ ಆತ ಮೆಟ್ಟಿಲ ಬಳಿ ನಿಂತು ಕೊರಳಿನ ಗುಂಡಿಯನ್ನು ಬಿಚ್ಚಲು ಹೆಣಗುತ್ತಿದ್ದ. ಗಾಡಿಯಲ್ಲಿ ಬಿಡಲೇ ಎಂದೆ. ಬೇಡವೆಂದು ತಲೆಯಾಡಿಸಿದ.

"ನೆಡ್ಡೂ ನಾನೂ ಒಂದೇ ದೋಣೀಲಿ ಕೂತು ಮೀನು ಹಿಡಿದೋರು," ಎಂದಷ್ಟೇ ಹೇಳಿ ಕೆಸರಿನಲ್ಲಿ ಕಾಲೆಳೆಯುತ್ತ ನಡೆದ. ಶನಿವಾರ ಲೂಸೀಲ್ ಮತ್ತೆ ಬಂದು ನಿಂತಳು; ಈಗಲೂ ನಿಲ್ಲುತ್ತಾಳೆ.

ಇಂಥವರು ತಮ್ಮ ಹಕ್ಕಿಗೆ ಜಗಳ ಕಾಯುವಾಗ ನಮಗೆ ಮೊಂಡುತನ ಕಾಣುತ್ತದೆ, ಪರರ ಹಕ್ಕಿಗೆ ಕಾಯುವಾಗ ಔದಾರ್ಯ ಕಾಣುತ್ತದೆ. ಅವರ ಪಾಲಿಗಾದರೋ ಎರಡೂ ಒಂದೇ ಜಗಳ, ಅದರಲ್ಲಿ ಅವರು ಸ್ವಂತ ನಷ್ಟವನ್ನೂ ಎಣಿಸುವುದಿಲ್ಲ, ನೆರೆಯವರ ನಷ್ಟವನ್ನೂ ಎಣಿಸುವುದಿಲ್ಲ. ಆ ಮೊಂಡುತನವನ್ನು ಕಿತ್ತು ಔದಾರ್ಯವನ್ನು ಮಾತ್ರ ಉಳಿಸಿಕೊಳ್ಳಬಾರದೇ ಎಂದು ಎಷ್ಟೋ ಸಲ ಹಂಬಲಿಸಿದ್ದೇನೆ. ಆಗದು. ಊರಿಗೆ ಊರೇ ಕೈಯೆತ್ತುವಾಗ ಎತ್ತದೆ ನಿಂತವನೊಬ್ಬನಿದ್ದನೆಂದು ನೆನೆದು ಸಮಾಧಾನಪಡುವುದು, ಮರುಕ್ಷಣ ಅವನು ಎದುರಿಗೆ ಬರುವುದನ್ನು ಕಂಡು ಹಲ್ಲು ಕಡಿಯುವುದು, ಇವರೊಡನೆ ಬಾಳಬೇಕಾದವರ ಪಾಡು.