ಅಕ್ಕನ ಹೆಸರಿನ ವಿಳಾಸ

ಲಿಫ್ಟ್ ರಿಪೇರಿ ಮಾಡುವವನಿಗೆ ಮೈ ಉರಿಯುವುದು ಒಂದೇ ವಿಷಯಕ್ಕೆ: ಒತ್ತಿದ ಬಟನ್ನನ್ನೇ ಮತ್ತೆ ಮತ್ತೆ ಒತ್ತುವವರನ್ನು ಕಂಡರೆ. ಒಂದು ಸಲ ಒತ್ತಿದರೆ ಸಾಕು, ಲಿಫ್ಟೇನು ಕಿವುಡಲ್ಲ, ಬರುತ್ತದೆ, ಸುಮ್ಮನೆ ನಿಂತಿರಿ ಎಂದು ಇಪ್ಪತ್ತಾರು ವರ್ಷದಿಂದ ಕಂಡಕಂಡವರನ್ನೆಲ್ಲ ಗದರುತ್ತ ಬಂದಿದ್ದ. ಇಂಥವನು ಸ್ವಂತ ಅಕ್ಕನ ಕೆಲಸಕ್ಕೆ ಕೂತಾಗ ಆ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ ದೇವರಿಗೇ ಗೊತ್ತು.

ಅಕ್ಕ ಲೈಬ್ರರಿಯಲ್ಲಿ ಪುಸ್ತಕಗಳಿಗೆ ಬೈಂಡ್ ಹಾಕುತ್ತಿದ್ದವಳು. ಹರಿದದ್ದು, ಹುಳ ತಿಂದದ್ದು, ನೀರಲ್ಲಿ ನೆಂದದ್ದು, ಯಾವುದು ಬಂದರೂ ಹೊಲಿದು, ಅಂಟು ಹಾಕಿ, ಎದ್ದು ನಿಲ್ಲುವಂತೆ ಮಾಡುತ್ತಿದ್ದಳು. ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಲಾರದೆ, ಕೈಕಸುಬೆಲ್ಲ ತನ್ನ ಜೊತೆಗೇ ಹೋಗಬಾರದು ಎಂದು ಒಂದು ಬ್ಲಾಗ್ ಶುರು ಮಾಡಿದಳು. ಏಳು ವರ್ಷದಲ್ಲಿ ಇನ್ನೂರಕ್ಕೂ ಹೆಚ್ಚು ಬರಹ ಹಾಕಿದಳು. ಪುಕ್ಕಟೆ ಬ್ಲಾಗಾದ್ದರಿಂದ ಅದರ ವಿಳಾಸಕ್ಕೆ ಕಂಪನಿಯ ಹೆಸರು ಬಾಲದಂತೆ ಅಂಟಿಕೊಂಡಿತ್ತು. ಅದೊಂದು ಅವಳಿಗೆ ಸಹಿಸದು.

"ಜೀವಮಾನವೆಲ್ಲ ಬೇರೆಯವರ ಹೆಸರಿರೋ ಪುಸ್ತಕಕ್ಕೇ ಬೆನ್ನು ಕಟ್ಟಿದ್ದಾಯ್ತು ಕಣೋ. ಒಂದು ಕಡೆನಾದ್ರೂ ಬರೀ ನನ್ನ ಹೆಸರಿರೋದನ್ನ ಈ ಕಣ್ಣಲ್ಲಿ ನೋಡ್ಬೇಕು" ಎಂದಳು.

ಈ ಕಣ್ಣಲ್ಲಿ ಎಂದದ್ದು ಬಾಯಿಮಾತಿಗಲ್ಲ. ಅವಳ ಕಣ್ಣುಗಳ ಹಿಂದೆ ಒಂದು ಗಡ್ಡೆ ಬೆಳೆದಿತ್ತು. ಎಡಗಣ್ಣು ಆಗಲೇ ಮಬ್ಬು, ಬಲಗಣ್ಣಿಗೆ ಅಂಗೈಯಷ್ಟಗಲದ ನೋಟ ಉಳಿದಿತ್ತು. ಗಡ್ಡೆ ತೆಗೆದರೆ ಜೀವ ಉಳಿಯುತ್ತದೆ, ನೋಟ ಉಳಿಯುವುದಿಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಆಪರೇಷನ್ ಎಂದು ಗೊತ್ತಾಗಿತ್ತು.

ತಮ್ಮ ನಾಲ್ಕು ದಿನ ರಜೆ ಹಾಕಿ ಅಕ್ಕನ ಮನೆಗೆ ಬಂದ. ಅವಳ ಹೆಸರಿನದೇ ಒಂದು ವಿಳಾಸ ಕೊಂಡ. ಮಂಗಳವಾರ ಮಧ್ಯಾಹ್ನ, ಪುಸ್ತಕ ಅದುಮುವ ಕಬ್ಬಿಣದ ಪ್ರೆಸ್ಸಿನ ಪಕ್ಕ ಕಂಪ್ಯೂಟರ್ ಇಟ್ಟುಕೊಂಡು, ನೇಮ್‌ಸರ್ವರ್ ಎಂಬ ಕಡೆ ಬ್ಲಾಗಿನವರು ಕೊಟ್ಟ ಎರಡು ಸಾಲುಗಳನ್ನು ಬರೆದು ಬಟನ್ ಒತ್ತಿದ. ಆ ಹೆಸರು ಹಿಡಿದು ಬಂದವರಿಗೆ ಮನೆ ಎಲ್ಲಿದೆ ಎಂದು ದಾರಿ ತೋರಿಸುವ ಯಂತ್ರಗಳು ಅವು. ಹೊಸ ದಾರಿಯ ಸುದ್ದಿ ಎಲ್ಲ ಕಡೆ ಮುಟ್ಟಲು ನಲವತ್ತೆಂಟು ಗಂಟೆಯವರೆಗೂ ಹಿಡಿಯಬಹುದು, ದಯವಿಟ್ಟು ಕಾಯಿರಿ ಎಂದು ಪರದೆಯ ಮೇಲೆ ಬಂತು. ಲೆಕ್ಕ ಹಾಕಿದರೆ ಗುರುವಾರ ಮಧ್ಯಾಹ್ನ. ಸಾಕಷ್ಟು ಹೊತ್ತಿತ್ತು. ಏನೂ ಮಾಡದೆ ಕೂತಿದ್ದರೆ ಎಲ್ಲ ಸರಿಹೋಗುತ್ತಿತ್ತು.

ಕೂತಾನೆಯೇ? ಅಕ್ಕ ಅವನಿಗೆ ಚಿಕ್ಕಂದಿನಲ್ಲೇ ಅರ್ಜೆಂಟಪ್ಪ ಎಂದು ಹೆಸರಿಟ್ಟಿದ್ದಳು, ಅದೇನೂ ಸುಮ್ಮನೆ ಇಟ್ಟದ್ದಲ್ಲ. ಸಂಜೆ ಆರರ ಹೊತ್ತಿಗೆ ವಿಳಾಸ ತೆರೆಯದ್ದನ್ನು ಕಂಡು, ಎಲ್ಲೋ ಒಂದಕ್ಷರ ತಪ್ಪಿರಬೇಕೆಂಬ ಅನುಮಾನ ಹೊಕ್ಕಿತು. ಎರಡೂ ಸಾಲು ಅಳಿಸಿ, ಅಲ್ಲಿ ಮೊದಲಿದ್ದದ್ದನ್ನೇ ಹಾಕಿ, ಮತ್ತೆ ಹೊಸದನ್ನು ಬರೆದ. ಬುಧವಾರ ಬೆಳಿಗ್ಗೆ ಜೊತೆಯ ಕೆಲಸದವನೊಬ್ಬ ಫೋನಿನಲ್ಲಿ ಏನೋ ಹೇಳಿದನೆಂದು ಮತ್ತೊಮ್ಮೆ ಮಾಡಿದ. ಮಧ್ಯಾಹ್ನ ಊಟವಾದ ಮೇಲೆ ಅಕ್ಕ ಕಿಟಕಿಯ ಹತ್ತಿರ ಕೂತಲ್ಲಿಂದಲೇ ಕೇಳಿದಳು.

"ಏನೂ ಮುಟ್ಟಿಲ್ಲ ತಾನೇ?"

"ಇಲ್ಲಕ್ಕ" ಎಂದ. ಎಂದವನು ಮೂರು ಗಂಟೆಗೆ ಮತ್ತೆ ಮುಟ್ಟಿದ. ಗುರುವಾರ ಎದ್ದವನೇ ಇನ್ನೊಂದು ಸಲ. ಅಕ್ಕ ಗಳಿಗೆಗೊಮ್ಮೆ ಕುರ್ಚಿ ಎಳೆದುಕೊಂಡು ಬಂದು, ಮೂಗು ಪರದೆಗೆ ತಾಗುವಷ್ಟು ಬಾಗಿ, ಬಲಗಣ್ಣಿಂದ ಹುಡುಕಿ, "ಈ ವಿಳಾಸ ಸಿಗಲಿಲ್ಲ" ಎಂಬುದನ್ನೇ ಓದಿ ಹಿಂದೆ ಹೋಗುತ್ತಿದ್ದಳು. ಅದನ್ನು ನೋಡಿದಷ್ಟೂ ಅವನ ಕೈ ಸುಮ್ಮನಿರುತ್ತಿರಲಿಲ್ಲ.

ಗುರುವಾರ ಹನ್ನೊಂದಕ್ಕೆ ತಡೆಯಲಾರದೆ ಮೆಟ್ಟಿಲ ಹತ್ತಿರ ಹೋಗಿ ವಿಳಾಸ ಕೊಟ್ಟ ಕಂಪನಿಗೆ ಫೋನ್ ಮಾಡಿ, ಎರಡು ದಿನವಾದರೂ ನಿಮ್ಮ ವಿಳಾಸ ತೆರೆದಿಲ್ಲ, ಏನಮ್ಮ ಇದು ಎಂದು ಆ ಕಡೆಯ ಹುಡುಗಿಯ ಮೇಲೆ ಹರಿಹಾಯ್ದ. ಅವಳು ಸ್ವಲ್ಪ ಹೊತ್ತು ಏನನ್ನೋ ನೋಡಿ, ಬಹಳ ಮೆತ್ತಗೆ ಹೇಳಿದಳು.

"ಸರ್, ನಿನ್ನೆ ಎರಡು ಗಂಟೆಗೆ ನಮ್ಮ ಕಡೆ ಚೆಕ್ ಮಾಡ್ದಾಗ ಸರಿಯಾಗೇ ತೆರೆದಿತ್ತು. ನಿಮ್ಮ ಮನೆಗೆ ಬರೋಕೆ ಇನ್ನೊಂದೆರಡು ಗಂಟೆ ಆಗ್ತಿತ್ತೇನೋ. ಮೂರು ಗಂಟೆಗೆ ನೀವು ಮತ್ತೆ ಬದಲಾಯಿಸಿದ್ದೀರ. ಇವತ್ತು ಬೆಳಿಗ್ಗೆನೂ. ಪ್ರತಿ ಸಲ ಕಾಯೋದು ಮೊದಲಿಂದ ಶುರುವಾಗತ್ತೆ ಸರ್."

ಇನ್ನೆಷ್ಟು ಹೊತ್ತು ಎಂದು ಅವನು ಕೇಳಿದ್ದಕ್ಕೆ ಶನಿವಾರದವರೆಗೂ ಆಗಬಹುದು, ಬೇಗ ಬಂದರೂ ಬರಬಹುದು, ಮಾಡುವಂಥದ್ದು ಏನೂ ಉಳಿದಿಲ್ಲ ಎಂದಳು. ಗದರಿದ್ದಕ್ಕೆ ಅವಳ ಕ್ಷಮೆ ಕೇಳಿ ಫೋನಿಟ್ಟ. ಒಳಗೆ ಬಂದು ಕೈಗಳನ್ನು ತೊಡೆಗಳ ಕೆಳಗೆ ಇಟ್ಟುಕೊಂಡು ಕೂತ. ಲಿಫ್ಟು ನಿನ್ನೆಯೇ ಬಾಗಿಲವರೆಗೆ ಬಂದಿತ್ತು. ವಾಪಸ್ ಕಳಿಸಿದವನು ತಾನೇ.

ಶುಕ್ರವಾರ ಬೆಳಿಗ್ಗೆ ಆಸ್ಪತ್ರೆಯ ಮಂಚದ ಮೇಲೆ ಅಕ್ಕ ಅವನ ಫೋನನ್ನು ಕಣ್ಣಿಗೆ ಹಿಡಿದುಕೊಂಡು ಮೂರು ಸಲ ನೋಡಿದಳು. ಏಳೂಮುಕ್ಕಾಲಿಗೆ ಕೊನೆಯ ಸಲ. ಆಮೇಲೆ ಫೋನನ್ನು ಅವನ ಕೈಗಿಟ್ಟು, ಅದೇ ಬಲಗಣ್ಣಿಂದ ಅವನ ಮುಖವನ್ನು ಹಣೆಯಿಂದ ಗಲ್ಲದವರೆಗೆ ತುಂಡು ತುಂಡಾಗಿ ನೋಡಿದಳು. "ಶೇವ್ ಮಾಡ್ಕೊಂಡು ಬರೋಕೇನಾಗಿತ್ತೋ ನಿಂಗೆ?" ಎಂದಳು. ನರ್ಸ್ ಬಂದು ಮಂಚ ತಳ್ಳಿಕೊಂಡು ಹೋದಳು.

ಹನ್ನೊಂದೂ ಇಪ್ಪತ್ತಕ್ಕೆ, ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದಾಗ ವಿಳಾಸ ತೆರೆದುಕೊಂಡಿತು. ಮೇಲೆ ಅಕ್ಕನ ಹೆಸರು, ದಪ್ಪಕ್ಷರದಲ್ಲಿ, ಯಾವ ಬಾಲವೂ ಇಲ್ಲದೆ. ನೋಡುವಷ್ಟು ಹೊತ್ತು ನೋಡಿ, ಆ ಮಧ್ಯವಯಸ್ಸಿನ ಗಂಡಸು ಹೋಗಿಬರುವವರ ಮುಂದೆಯೇ ಬಿಕ್ಕಿ ಬಿಕ್ಕಿ ಅತ್ತ.

ಶನಿವಾರ ಸಂಜೆ ಅಕ್ಕನಿಗೆ ಪೂರ್ತಿ ಎಚ್ಚರವಾಯಿತು. ತಲೆಯಿಂದ ಮೂಗಿನವರೆಗೆ ಬಿಳಿ ಪಟ್ಟಿ. ಜೀವ ಉಳಿದಿತ್ತು. ಡಾಕ್ಟರು ಹೇಳಿದಂತೆಯೇ ಉಳಿದದ್ದು ಅಷ್ಟೇ.

ಬಂತಾ ಎಂದು ಕೇಳಿದಳು. ಬಂತಕ್ಕ, ನಿನ್ನೆ ಎಂದ. ಎಷ್ಟು ಹೊತ್ತಿಗೆ ಎಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಒಂದು ಬರಹ ಓದು, ಯಾವುದಾದರೂ ಸರಿ ಎಂದಳು. ಆಗ ಅವನಿಗೆ ಹೊಳೆಯಿತು: ಏಳು ವರ್ಷದಲ್ಲಿ ತಾನು ಇದರಲ್ಲಿ ಒಂದು ಸಾಲನ್ನೂ ಓದಿಲ್ಲ. ನಾಚಿಕೆಯಾಗಿ, ಎಲ್ಲಕ್ಕಿಂತ ಹಳೆಯ ಬರಹವನ್ನು ತೆಗೆದು ಓದತೊಡಗಿದ.

ಅಂಟು ಹಾಕಿದ ಪುಸ್ತಕವನ್ನು ಭಾರದ ಕೆಳಗಿಟ್ಟ ಮೇಲೆ ಒಂದಿಡೀ ದಿನ ಮುಟ್ಟಬಾರದು ಎಂದು ಅದು ಶುರುವಾಗಿತ್ತು. "ನಾನು ಮೊಟ್ಟಮೊದಲು ಕಟ್ಟಿದ ಪುಸ್ತಕ ಸೊಟ್ಟಗಾಯಿತು. ಆರು ವರ್ಷದ ನನ್ನ ತಮ್ಮ, ಒಣಗಿತಾ ನೋಡೋಣವೆಂದು ಗಳಿಗೆಗೊಮ್ಮೆ ಕಲ್ಲು ಎತ್ತಿ ನೋಡಿದ್ದ. ಕೇಳಿದರೆ ಮುಟ್ಟಿಲ್ಲ ಎಂದ. ನಂಬಿದವಳಂತೆ ಇದ್ದುಬಿಟ್ಟೆ. ಪಾಪ, ಅವನಿಗೆ ಅದು ಚೆನ್ನಾಗಿ ಆಗಲೆಂಬ ಆಸೆ ನನಗಿಂತ ಹೆಚ್ಚಿತ್ತು."

ಅವನು ಫೋನನ್ನು ತೊಡೆಯ ಮೇಲಿಟ್ಟ.

"ಯಾಕೋ, ಓದು" ಎಂದಳು ಅಕ್ಕ.

"ನಾನು ಮುಟ್ಟಿದೆ ಅಕ್ಕ. ಒಂದಲ್ಲ, ನಾಲ್ಕು ಸಲ. ಸುಮ್ಮನಿದ್ದಿದ್ರೆ ಬುಧವಾರಾನೇ ನೋಡ್ತಿದ್ದೆ ನೀನು."

"ಗೊತ್ತು ಕಣೋ. ನೀನು ಕುಟ್ಟೋ ಸದ್ದು ಕಿಟಕಿವರೆಗೂ ಕೇಳ್ತಿತ್ತು" ಎಂದಳು ಅಕ್ಕ. "ಆದ್ರೂ ನೋಡ್ಬೇಕಿತ್ತು. ಒಂದೇ ಒಂದು ಸಲ ನೋಡ್ಬೇಕಿತ್ತು. ಅಳಬಾರದು ಅಂದಿದ್ದಾರೆ ಡಾಕ್ಟ್ರು, ಬೇರೆ ಏನಾದ್ರೂ ಮಾತಾಡು."

ಅಕ್ಕ ಮಂಚದಂಚಿನಲ್ಲಿ ತಡಕಾಡಿ ಅವನ ಕೈ ಹುಡುಕಿ, ಅಂಗೈಯನ್ನು ತನ್ನ ಹೊದಿಕೆಯ ಮೇಲೆ ಬಿಡಿಸಿಟ್ಟಳು. ವಿಳಾಸದಲ್ಲಿ ಏನಿದೆಯೋ ಒಂದೊಂದೇ ಅಕ್ಷರ ಹೇಳು, ಅವಸರ ಮಾಡಬೇಡ ಎಂದಳು. ಅವನು ಒಂದಕ್ಷರ ಹೇಳಿದ, ಅವಳು ಅದನ್ನು ಅವನ ಅಂಗೈ ಮೇಲೆ ಬೆರಳಿಂದ ಬರೆದಳು. ಬರೆದು ಮುಗಿಯುವವರೆಗೆ ಅವನು ಕಾದ. ಆಮೇಲೆ ಎರಡನೆಯದನ್ನು ಹೇಳಿದ.